ಕಣ್ಣಿನಿಂದ ಹೊಲಕ್ಕೆ: ಕಬ್ಬು ವಂಶ ಬೆಳೆಸುವ ಬಗೆ

ಜೋಳ, ಗೋವಿನಜೋಳ, ಕಡಲೆಗೆ ಬೀಜವೆಂದರೆ ಕಾಳು. ಕಬ್ಬಿಗೆ ಬೀಜವೆಂದರೆ ಕಬ್ಬೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಒಬ್ಬ ರೈತ ಇನ್ನೊಬ್ಬನನ್ನು ‘ಬೀಜ ಐತೇನು?’ ಎಂದು ಕೇಳಿದರೆ, ಅವನಿಗೆ ಬೇಕಾಗಿರುವುದು ಹೊಲದಲ್ಲಿ ನಿಂತಿರುವ ಎಂಟು–ಹತ್ತು ತಿಂಗಳ ಎಳೆಯ ಗಳ. ಆ ಗಳವನ್ನು ತುಂಡು ಮಾಡಿ ಸಾಲಿನಲ್ಲಿ ಹೂತರೆ ಗಿಣ್ಣಿನ ಒಂದೊಂದು ಕಣ್ಣೂ ಒಂದು ಹೊಸ ಗಿಡವಾಗುತ್ತದೆ. ಹಾಗೆ ಹುಟ್ಟಿದ ಗಿಡ ತಾಯಿಯ ಪಡಿಯಚ್ಚು. ಬಣ್ಣ, ಸಿಹಿ, ದಪ್ಪ, ಮಾಗುವ ಕಾಲ ಎಲ್ಲವೂ ತಾಯಿಯವೇ. ತಾಯಿಗೆ ರೋಗವಿದ್ದರೆ ಅದೂ ಮಗುವಿಗೆ ಬಳುವಳಿಯಾಗಿ ಬರುತ್ತದೆ. ತಳಿ ಹೆಚ್ಚಬೇಕು, ರೋಗ ಹೆಚ್ಚಬಾರದು: ಕಬ್ಬಿನ ಬೀಜದ ಕೆಲಸವೆಲ್ಲ ಇಷ್ಟರಲ್ಲೇ ಅಡಗಿದೆ.

ನೀರು ಬಂದಲ್ಲಿಗೆ ಕಬ್ಬು

ಈ ಮೂರೂ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭಾ ನದಿಯ ಬಯಲಿಗೆ ಸೇರಿದವು. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಬ್ರಿಟಿಷರ ಕಾಲದಲ್ಲಿ, 1897ರಲ್ಲಿ, ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿ ಎಡದಂಡೆ ಕಾಲುವೆಗೆ ನೀರು ಹರಿಸಲಾಯಿತು. ಅದರ ಮೇಲ್ಭಾಗದಲ್ಲಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ, 1977ರ ಹೊತ್ತಿಗೆ ರಾಜಾ ಲಖಮಗೌಡ ಜಲಾಶಯ ಪೂರ್ಣಗೊಂಡಿತು. ಸುಮಾರು 51 ಟಿಎಂಸಿ ನೀರು ಹಿಡಿಯುವ ಈ ಜಲಾಶಯ ಬಂದ ಮೇಲೆ ಮಳೆಗಾಲ ಮುಗಿದರೂ ಕಾಲುವೆಯಲ್ಲಿ ನೀರು ಕಾಣುವಂತಾಯಿತು. ವರ್ಷವಿಡೀ ನೀರು ಬೇಡುವ ಕಬ್ಬಿಗೆ ಇದೇ ಆಧಾರ. ಹಿರಣ್ಯಕೇಶಿ ದಂಡೆಯ ಸಂಕೇಶ್ವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತಿತು, ಘಟಪ್ರಭಾ ಹೆಸರಿನಲ್ಲೇ ಇನ್ನೊಂದು ಸಹಕಾರಿ ಕಾರ್ಖಾನೆ ಬಂತು, ಬೆಲ್ಲದ ಬಾಗೇವಾಡಿ ಮುಂತಾದ ಕಡೆ ಖಾಸಗಿ ಕಾರ್ಖಾನೆಗಳು ತಲೆಯೆತ್ತಿದವು. ಕಾರ್ಖಾನೆ ಬಂದಷ್ಟೂ ಕಬ್ಬು, ಕಬ್ಬು ಹೆಚ್ಚಿದಷ್ಟೂ ಬೀಜದ ಬೇಡಿಕೆ ಬೆಳೆಯಿತು. ಎಕರೆಗಟ್ಟಲೆ ನೆಲಕ್ಕೆ ಒಂದೇ ಬೆಳೆ, ಅದರಲ್ಲೂ ಎರಡು ಮೂರು ತಳಿ ಮಾತ್ರ ಎಂಬ ಸ್ಥಿತಿಯೂ ಇದರ ಜೊತೆಗೇ ಬಂತು.

ಗಿಣ್ಣಿನಲ್ಲಿರುವ ಗಿಡ

ಕಬ್ಬಿನ ಗಳವನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ರಚನೆ ತಿಳಿಯುತ್ತದೆ. ಗಣಿಕೆಯಾದ ಮೇಲೆ ಗಿಣ್ಣು, ಗಿಣ್ಣಿನ ಮೇಲೆ ಮತ್ತೆ ಗಣಿಕೆ. ಪ್ರತಿ ಗಿಣ್ಣಿನಲ್ಲೂ ಒಂದು ಕಣ್ಣು. ಒಂದು ಗಿಣ್ಣಿನ ಕಣ್ಣು ಬಲಕ್ಕಿದ್ದರೆ ಮುಂದಿನ ಗಿಣ್ಣಿನದು ಎಡಕ್ಕೆ. ಕಣ್ಣು ಇರುವ ಜಾಗದಲ್ಲಿ ಗಳದ ಸುತ್ತ ಸಣ್ಣ ಸಣ್ಣ ಚುಕ್ಕೆಗಳ ಪಟ್ಟಿಯೊಂದು ಕಾಣುತ್ತದೆ. ಅವು ಬೇರಿನ ಮೊಳಕೆಗಳು. ಎಂದರೆ ಒಂದು ಗಿಣ್ಣಿನಲ್ಲಿ ಚಿಗುರು, ಬೇರು ಎರಡೂ ಸಿದ್ಧವಾಗಿ ಕುಳಿತಿರುತ್ತವೆ, ಪಕ್ಕದ ಗಣಿಕೆಯಲ್ಲಿ ಅವುಗಳಿಗೆ ಬೇಕಾದ ನೀರು ಮತ್ತು ಸಕ್ಕರೆಯ ಬುತ್ತಿಯೂ ಇರುತ್ತದೆ.

ಇಷ್ಟೆಲ್ಲ ಸಿದ್ಧವಿದ್ದರೂ ಹೊಲದಲ್ಲಿ ನಿಂತ ಕಬ್ಬಿನ ಕಣ್ಣು ಸಾಮಾನ್ಯವಾಗಿ ಒಡೆಯುವುದಿಲ್ಲ. ಗಳದ ತುದಿಯಲ್ಲಿ ಬೆಳೆಯುವ ಸುಳಿ ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಗೆ ಕಳಿಸಿ ಕೆಳಗಿನ ಕಣ್ಣುಗಳನ್ನು ತಡೆದು ನಿಲ್ಲಿಸಿರುತ್ತದೆ. ಸುಳಿ ಮುರಿದ ಅಥವಾ ಸುಳಿಕೊರಕ ಹುಳ ತಿಂದ ಗಳದಲ್ಲಿ ಪಕ್ಕದ ಕಣ್ಣುಗಳು ಒಡೆದು ಚಿಗುರುವುದನ್ನು ರೈತರು ನೋಡಿಯೇ ಇರುತ್ತಾರೆ. ಇಡೀ ಗಳವನ್ನು ಹಾಗೇ ಮಲಗಿಸಿ ಹೂತರೂ ತುದಿಯ ಕಣ್ಣುಗಳು ಮೊದಲು ಎದ್ದು ಬುಡದವು ಹಿಂದೆ ಬೀಳುತ್ತವೆ. ಗಳವನ್ನು ಎರಡು ಅಥವಾ ಮೂರು ಕಣ್ಣಿನ ತುಂಡುಗಳಾಗಿ ಕಡಿಯುವುದು ಇದೇ ಕಾರಣಕ್ಕೆ. ಕಡಿದಾಗ ಸುಳಿಯ ಹಿಡಿತ ತಪ್ಪಿ ಎಲ್ಲ ಕಣ್ಣಿಗೂ ಏಳುವ ಅವಕಾಶ ಸಿಗುತ್ತದೆ.

ಕಡಿಯುವ ಗಳಕ್ಕೂ ವಯಸ್ಸಿನ ಲೆಕ್ಕವಿದೆ. ಬೀಜಕ್ಕೆ ಎಂಟರಿಂದ ಹತ್ತು ತಿಂಗಳ ಕಬ್ಬು ಒಳ್ಳೆಯದು. ಪೂರಾ ಮಾಗಿದ ಕಬ್ಬಿನ ಬುಡದ ಕಣ್ಣುಗಳು ಬಲಿತು ಗಟ್ಟಿಯಾಗಿ, ಮೊಳೆಯಲು ತಡಮಾಡುತ್ತವೆ. ಮೇಲಿನ ಮೂರನೆಯ ಒಂದು ಭಾಗದ ಕಣ್ಣುಗಳಲ್ಲಿ ನೀರು, ಸಾರಜನಕ ಮತ್ತು ಗ್ಲೂಕೋಸ್ ಹೆಚ್ಚಿರುವುದರಿಂದ ಅವು ಬೇಗ ಏಳುತ್ತವೆ. ನೆಡುವಾಗ ಕಣ್ಣುಗಳು ಪಕ್ಕಕ್ಕೆ ಬರುವಂತೆ ತುಂಡನ್ನು ಮಲಗಿಸಬೇಕು. ಕಣ್ಣು ಕೆಳಮುಖವಾದರೆ ಮೊಳಕೆ ತುಂಡನ್ನು ಬಳಸಿಕೊಂಡು ಮೇಲೆ ಬರುವಷ್ಟರಲ್ಲಿ ದಣಿಯುತ್ತದೆ. ಮಣ್ಣಿನ ಬಿಸಿ 28–30 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲಿದ್ದರೆ ಒಂದು ವಾರದಿಂದ ಹತ್ತು ದಿನದಲ್ಲಿ ಮೊಳಕೆ ಕಾಣತೊಡಗಿ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. 20 ಡಿಗ್ರಿಗಿಂತ ಕೆಳಗಿಳಿದರೆ ಕೆಲಸ ನಿಧಾನ. ಡಿಸೆಂಬರ್ ಚಳಿಯಲ್ಲಿ ನೆಟ್ಟ ಕಬ್ಬು ಅಡಸಾಲಿ ಕಬ್ಬಿನಂತೆ, ಎಂದರೆ ಮಳೆಗಾಲದಲ್ಲಿ ನೆಟ್ಟದ್ದರಂತೆ, ಒಂದೇ ಸಮನಾಗಿ ಏಳದಿರುವುದಕ್ಕೆ ಇದು ಕಾರಣ.

ತೆಂಡೆ ಮತ್ತು ಕುಳೆ

ಒಂದು ಕಣ್ಣಿನಿಂದ ಒಂದೇ ಗಳ ಬರುವುದಾದರೆ ಕಬ್ಬಿನ ಬೇಸಾಯ ಲಾಭಕ್ಕೆ ನಿಲ್ಲುತ್ತಿರಲಿಲ್ಲ. ಮೊದಲ ಚಿಗುರು ತಾಯಿ ಗಳವಾಗುತ್ತದೆ. ಅದರ ಬುಡ ಮಣ್ಣಿನೊಳಗೆ ಒತ್ತೊತ್ತಾದ ಗಿಣ್ಣುಗಳಿಂದ ಕೂಡಿದ್ದು, ಆ ಗಿಣ್ಣುಗಳ ಕಣ್ಣು ಒಡೆದು ಮರಿಗಳು ಏಳುತ್ತವೆ, ಮರಿಗಳ ಬುಡದಿಂದ ಇನ್ನಷ್ಟು ಮರಿಗಳು. ಇದೇ ತೆಂಡೆ ಹೊಡೆಯುವುದು. ನೆಟ್ಟ ಸುಮಾರು 40 ದಿನಕ್ಕೆ ಆರಂಭವಾಗಿ ನಾಲ್ಕನೆಯ ತಿಂಗಳವರೆಗೆ ಇದು ನಡೆಯುತ್ತದೆ. ಎದ್ದ ಮರಿಗಳೆಲ್ಲ ಉಳಿಯುವುದಿಲ್ಲ. ಬಿಸಿಲು, ಗೊಬ್ಬರ, ಜಾಗ ಸಾಲದೆ ಹೆಚ್ಚು ಕಡಿಮೆ ಅರ್ಧದಷ್ಟು ಸತ್ತುಹೋಗುತ್ತವೆ. ಸಾಲಿಗೆ ಮಣ್ಣು ಏರಿಸಿದ ಮೇಲೆ ಹೊಸ ಮರಿ ಬರುವುದು ತಗ್ಗಿ, ಉಳಿದವು ಗಳ ಕಟ್ಟುತ್ತವೆ.

ಕಬ್ಬು ಕಡಿದ ಮೇಲೂ ಮಣ್ಣಿನೊಳಗಿನ ಬುಡ ಬದುಕಿರುತ್ತದೆ. ಮೇಲಿನ ಗಳ ಹೋಗಿದ್ದೇ ತಡ, ಅಲ್ಲಿ ಮಲಗಿದ್ದ ಕಣ್ಣುಗಳು ಏಳುತ್ತವೆ. ಇದೇ ಕುಳೆ ಬೆಳೆ. ಬೀಜದ ಖರ್ಚಿಲ್ಲ, ನಾಟಿಯ ಖರ್ಚಿಲ್ಲ, ನೆಟ್ಟ ಕಬ್ಬಿಗಿಂತ ಬೇಗನೆ ಕಟಾವಿಗೂ ಬರುತ್ತದೆ. ಕಬ್ಬನ್ನು ನೆಲಮಟ್ಟಕ್ಕೆ ಕಡಿದರೆ ಕೆಳಗಿನ ಬಲವಾದ ಕಣ್ಣುಗಳು ಎದ್ದು ತಮ್ಮದೇ ಬೇರು ಬಿಡುತ್ತವೆ. ಗೇಣುದ್ದ ಕೂಳೆ ಬಿಟ್ಟು ಕಡಿದರೆ ಮೇಲಿನ ಕಣ್ಣುಗಳು ಒಡೆದು, ಮಣ್ಣಿಗೆ ಬೇರು ತಲುಪದೆ ಸೊರಗುತ್ತವೆ. ಕಟಾವಾದ ವಾರದೊಳಗೆ ಕುಳೆ ಸವರುವುದು, ಖಾಲಿ ಬಿದ್ದ ಜಾಗಕ್ಕೆ ಸಸಿ ನೆಡುವುದು, ರವದಿಯನ್ನು, ಎಂದರೆ ಒಣಗಿದ ಎಲೆಯನ್ನು, ಸುಡದೆ ಸಾಲಿನ ನಡುವೆ ಹಾಸುವುದು ಕುಳೆ ಚೆನ್ನಾಗಿ ಬರಲು ಬೇಕಾದ ಮುಖ್ಯ ಕೆಲಸಗಳು. ಕುಳೆಯ ಮೇಲೆ ಕುಳೆ ಬಿಡುತ್ತ ಹೋದಂತೆ ಇಳುವರಿ ಇಳಿಯುತ್ತದೆ. ಬುಡ ಹಳತಾದದ್ದು ಇದಕ್ಕೆ ಒಂದು ಕಾರಣವಷ್ಟೇ. ಬುಡದಲ್ಲಿ ರೋಗ ಕೂಡಿಕೊಳ್ಳುತ್ತ ಬಂದದ್ದೂ ಅಷ್ಟೇ ಮುಖ್ಯ ಕಾರಣ.

ಸೂಲಂಗಿಯ ದಾರಿ

ಕಬ್ಬಿಗೆ ಹೂವಿಲ್ಲವೆಂದಲ್ಲ. ಹಗಲು ಕಿರಿದಾಗುವ ಕಾಲದಲ್ಲಿ ಕೆಲವು ತಳಿಗಳ ಸುಳಿಯಿಂದ ಬೆಳ್ಳಗಿನ ಸೂಲಂಗಿ ಹೊರಡುತ್ತದೆ. ರೈತನಿಗೆ ಅದು ಬೇಡದ ನೆಂಟ. ಸೂಲಂಗಿ ಬಂದ ಗಳದ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ, ಕಟಾವು ತಡವಾದರೆ ಒಳಗೆ ಬೆಂಡಾಗುತ್ತದೆ. ಆದರೆ ಹೊಸ ತಳಿ ಹುಟ್ಟುವುದು ಆ ಸೂಲಂಗಿಯಲ್ಲೇ. ಅದರಲ್ಲಿ ಧೂಳಿನಷ್ಟು ಸಣ್ಣ ನಿಜವಾದ ಬೀಜಗಳಿರುತ್ತವೆ ಮತ್ತು ಅವು ಮೊಳೆಯುತ್ತವೆ ಎಂಬುದು 1880ರ ದಶಕದ ಕೊನೆಯಲ್ಲಿ ಜಾವಾ ಮತ್ತು ಬಾರ್ಬಡೋಸ್‌ಗಳಲ್ಲಿ ಖಚಿತವಾಯಿತು. ಕಣ್ಣಿನಿಂದ ಬಂದ ಗಿಡಗಳೆಲ್ಲ ಒಂದೇ ಥರ. ಸೂಲಂಗಿಯ ಬೀಜದಿಂದ ಬಂದ ಗಿಡಗಳಲ್ಲಿ ಒಂದರಂತೆ ಇನ್ನೊಂದಿಲ್ಲ.

ಈ ತಿಳಿವಳಿಕೆಯ ಮೇಲೆ 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಸ್ಥೆ ಆರಂಭವಾಯಿತು. ಕಬ್ಬು ಹೂ ಬಿಡಲು ಅಲ್ಲಿನ ಹವೆ ಹೇಳಿ ಮಾಡಿಸಿದಂತಿದೆ. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ರಸಭರಿತ ದಪ್ಪ ಕಬ್ಬನ್ನು ಕಾಡು ಕಬ್ಬಿನೊಡನೆ ಕೂಡಿಸಿದರು. ಹಾಗೆ ಬಂದ ಕೋ 205 ತಳಿ 1918ರಲ್ಲಿ ಬೇಸಾಯಕ್ಕೆ ಬಿಡುಗಡೆಯಾಯಿತು. ಇಂದಿಗೂ ಹೆಸರಿನಲ್ಲಿ ‘ಕೋ’ ಆದ ಮೇಲೆ ನೇರವಾಗಿ ಸಂಖ್ಯೆ ಬರುವ ತಳಿಗಳು ಈ ಸಂಸ್ಥೆಯವು. ಉತ್ತರ ಕರ್ನಾಟಕದಲ್ಲಿ ಅತಿ ಹೆಚ್ಚು ಪರಿಚಿತವಾದ ಕೋ 86032 ಅಲ್ಲಿಯದೇ. ಹೆಸರಿನಲ್ಲಿರುವ 86 ಎಂಬುದು 1986ನೇ ವರ್ಷವನ್ನು ಸೂಚಿಸುತ್ತದೆ.

ಹುಕ್ಕೇರಿ ತಾಲ್ಲೂಕಿಗೂ ಇಂಥ ಒಂದು ಗುರುತಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರ ಸಂಕೇಶ್ವರದಲ್ಲಿದ್ದು, ಕಬ್ಬೇ ಅದರ ಮುಖ್ಯ ಕೆಲಸ. ಎಸ್‌ಎನ್‌ಕೆ 07680, ಎಸ್‌ಎನ್‌ಕೆ 09293 ಮುಂತಾದ ತಳಿಗಳ ಹೆಸರಿನ ಮೊದಲ ಮೂರು ಅಕ್ಷರಗಳು ಸಂಕೇಶ್ವರವನ್ನೇ ಸೂಚಿಸುತ್ತವೆ. ಸೂಲಂಗಿಯ ಬೀಜ ಬಿತ್ತಿ ಎಬ್ಬಿಸಿದ ಸಾವಿರಾರು ಸಸಿಗಳಲ್ಲಿ ಮೊದಲ ವರ್ಷವೇ ಬಹುಪಾಲನ್ನು ಕೈಬಿಡಲಾಗುತ್ತದೆ. ಉಳಿದವನ್ನು ತುಂಡಿನಿಂದ ಹೆಚ್ಚಿಸಿ, ನೆಟ್ಟ ಬೆಳೆಯಲ್ಲೂ ಕುಳೆಯಲ್ಲೂ ಇಳುವರಿ, ಸಕ್ಕರೆ ಅಂಶ, ರೋಗ ತಾಳುವ ಶಕ್ತಿ ಅಳೆದು, ಹತ್ತು ಹನ್ನೆರಡು ವರ್ಷ ಸೋಸಿದ ಮೇಲೆ ಒಂದೆರಡು ತಳಿ ರೈತರ ಕೈ ಸೇರುತ್ತವೆ.

ಒಂದು ಎಕರೆ ಎಷ್ಟು ಎಕರೆಯಾದೀತು

ಹೊಸ ತಳಿ ಬಿಡುಗಡೆಯಾದ ಮರುವರ್ಷವೇ ಎಲ್ಲರಿಗೂ ಸಿಗುವುದಿಲ್ಲ. ಜೋಳದ ಒಂದು ತೆನೆ ನೂರಾರು ಕಾಳು ಕೊಡುತ್ತದೆ. ಕಬ್ಬಿನ ಲೆಕ್ಕ ಬೇರೆ. ಮೂರು ಕಣ್ಣಿನ ತುಂಡು ನೆಡುವ ಪದ್ಧತಿಯಲ್ಲಿ ಎಕರೆಗೆ 12,000ದಿಂದ 15,000 ತುಂಡು, ಎಂದರೆ ಸುಮಾರು 40,000 ಕಣ್ಣು ಹಿಡಿಯುತ್ತದೆ. ತೂಕದಲ್ಲಿ ಎರಡೂವರೆಯಿಂದ ಮೂರು ಟನ್ ಕಬ್ಬು ಮಣ್ಣಿಗೆ ಹೋಗುತ್ತದೆ. ಬೀಜದ ತಾಕಿನ ಒಂದು ಎಕರೆಯಲ್ಲಿ 30,000 ಗಳ, ಗಳಕ್ಕೆ ಹತ್ತು ಒಳ್ಳೆಯ ಕಣ್ಣು ಎಂದು ಹಿಡಿದರೆ ಸಿಗುವುದು ಮೂರು ಲಕ್ಷ ಕಣ್ಣು. ಅದು ಏಳೆಂಟು ಎಕರೆಗೆ ಸಾಕಾಗುತ್ತದೆ. ವರ್ಷಕ್ಕೆ ಎಂಟು ಪಟ್ಟು ಎಂದುಕೊಂಡರೆ ಒಂದು ಎಕರೆ ಐನೂರು ಎಕರೆಯಾಗಲು ಮೂರು ವರ್ಷ ಬೇಕು.

ಒಂಟಿ ಕಣ್ಣಿನ ಸಸಿ ಪದ್ಧತಿ ಈ ಲೆಕ್ಕವನ್ನೇ ಬದಲಿಸಿತು. ಇದರಲ್ಲಿ ಗಳದಿಂದ ಒಂದು ಕಣ್ಣಿನ ಚಿಕ್ಕ ತುಂಡನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ. ಅದನ್ನು ಔಷಧ ನೀರಿನಲ್ಲಿ ಅದ್ದಿ, ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಟ್ರೇಯ ಗುಳಿಗಳಲ್ಲಿ ಕಣ್ಣು ಮೇಲಾಗಿ ಕೂರಿಸುತ್ತಾರೆ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ತಾಡಪತ್ರಿ ಹೊದಿಸಿದರೆ ಒಳಗೆ ಬೆಚ್ಚಗಾಗಿ ಕೆಲವೇ ದಿನಗಳಲ್ಲಿ ಬೇರೂ ಮೊಳಕೆಯೂ ಏಳುತ್ತವೆ. ಆಮೇಲೆ ನೆರಳು ಪರದೆಯಡಿ ಹರಡಿ ನೀರುಣಿಸಿದರೆ 25ರಿಂದ 35 ದಿನದೊಳಗೆ ಸಸಿ ಹೊಲಕ್ಕೆ ಸಿದ್ಧ. ಸಾಲಿನಿಂದ ಸಾಲಿಗೆ ಐದು ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಟ್ಟು ನೆಟ್ಟರೆ ಎಕರೆಗೆ 4,300ರಷ್ಟು ಸಸಿ ಸಾಕು. ಸತ್ತವನ್ನು ಸೇರಿಸಿ 5,000 ಎಂದಿಟ್ಟುಕೊಂಡರೂ ಅದೇ ಮೂರು ಲಕ್ಷ ಕಣ್ಣು 60 ಎಕರೆಗೆ ಬರುತ್ತದೆ. ಮೂರನೆಯ ಒಂದು ಪಾಲು ಮೊಳೆಯದೆ ಹೋದರೂ 40 ಎಕರೆ ಖಚಿತ. ಅಂತರ ಹೆಚ್ಚಿರುವುದರಿಂದ ಒಂದೊಂದು ಗಿಡವೂ ಬಿಸಿಲು ಹಿಡಿದು ಹೆಚ್ಚು ತೆಂಡೆ ಹೊಡೆಯುತ್ತದೆ, ಹಾಗಾಗಿ ಗಳಗಳ ಸಂಖ್ಯೆಯಲ್ಲಿ ಖೋತಾ ಬೀಳುವುದಿಲ್ಲ. ಹನಿ ನೀರಾವರಿಗೂ ಈ ಅಂತರ ಹೊಂದುತ್ತದೆ. ಎಕರೆಗೆ ಟನ್‌ಗಟ್ಟಲೆ ಹೂಳುತ್ತಿದ್ದ ಕಬ್ಬು ಗಾಣಕ್ಕೋ ಕಾರ್ಖಾನೆಗೋ ಹೋಗಬಹುದು.

ಬೀಜದ ಜೊತೆ ಬರುವ ರೋಗ

ಕೆಲವು ವರ್ಷ ಚೆನ್ನಾಗಿ ಬಂದ ಕಬ್ಬು ಇಳುವರಿ ಕಡಿಮೆ ಮಾಡಿದಾಗ ‘ತಳಿ ಕೆಟ್ಟಿತು’ ಎನ್ನುವ ಮಾತು ಊರಲ್ಲಿ ಕೇಳಿಬರುತ್ತದೆ. ಕಣ್ಣಿನಿಂದ ಬೆಳೆದ ಗಿಡದ ವಂಶಗುಣ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಕೆಟ್ಟಿರುವುದು ಹೆಚ್ಚಾಗಿ ಬೀಜದ ಆರೋಗ್ಯ.

ಕಾಡಿಗೆ ರೋಗ ಕಣ್ಣಿಗೆ ಕಾಣುವಂಥದ್ದು. ರೋಗ ಬಂದ ಗಳದ ಸುಳಿಯಿಂದ ಚಾಟಿಯಂಥ ಉದ್ದನೆಯ ಕಪ್ಪು ಕಡ್ಡಿ ಹೊರಬರುತ್ತದೆ. ಅದರ ಮೇಲಿನ ಕಪ್ಪು ಪುಡಿಯೆಲ್ಲ ಶಿಲೀಂಧ್ರದ ಬೀಜಕಣಗಳು. ಚಾಟಿಯನ್ನು ಹಾಗೇ ಕಿತ್ತು ಹೊಲದಲ್ಲಿ ಹೊತ್ತು ನಡೆದರೆ ಗಾಳಿಯಲ್ಲಿ ಪುಡಿ ಹಾರಿ ಅಕ್ಕಪಕ್ಕದ ಕಣ್ಣುಗಳ ಮೇಲೆ ಕೂರುತ್ತದೆ. ಆದ್ದರಿಂದ ಚಾಟಿಗೆ ಮೊದಲು ಚೀಲ ಮುಚ್ಚಿ, ಆಮೇಲೆ ಬುಡಸಮೇತ ಕಿತ್ತು ಸುಡಬೇಕು. ಹುಲ್ಲು ಜಡೆ ರೋಗವೂ ಗುರುತು ಸಿಗುವಂಥದ್ದೇ. ಬುಡದಲ್ಲಿ ಬಿಳಿಚಿದ ಸಣ್ಣ ಸಣ್ಣ ಚಿಗುರುಗಳ ಪೊದೆ ಏಳುತ್ತದೆ, ಗಳ ಕಟ್ಟುವುದಿಲ್ಲ. ಇದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಅತಿ ಸೂಕ್ಷ್ಮ ಜೀವಿ.

ಇವೆರಡಕ್ಕಿಂತ ಕಳ್ಳ ರೋಗ ಕುಳೆ ಕುಬ್ಜ ರೋಗ. ಹೊರಗೆ ಯಾವ ಲಕ್ಷಣವೂ ಇಲ್ಲದೆ ಗಳ ಸಣ್ಣಗಾಗುತ್ತದೆ, ಕುಳೆಯಲ್ಲಿ ಗಿಡ ಗಿಡ್ಡಾಗುತ್ತದೆ. ರೈತ ಗೊಬ್ಬರ ಸಾಲದೆಂದೋ ನೀರು ತಪ್ಪಿತೆಂದೋ ತಿಳಿಯುತ್ತಾನೆ. ಗಿಣ್ಣನ್ನು ಉದ್ದಕ್ಕೆ ಸೀಳಿ ನೋಡಿದರೆ ಕೆಲವೊಮ್ಮೆ ಕೆಂಪು–ಕಿತ್ತಳೆ ಚುಕ್ಕೆಗಳು ಕಾಣುತ್ತವೆ. ಗಳದ ನೀರಿನ ನಾಳಗಳಲ್ಲಿ ಬದುಕುವ ಬ್ಯಾಕ್ಟೀರಿಯಾ ಇದನ್ನು ತರುತ್ತದೆ. ಬೀಜದ ತುಂಡಿನ ಮೂಲಕ ಇದು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ, ಕಡಿಯುವ ಕುಡುಗೋಲಿನ ಮೂಲಕ ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಸಾಗುತ್ತದೆ. ಕಡಿಯುವ ಗ್ಯಾಂಗ್ ದಿನಕ್ಕೊಂದು ಹೊಲ ಸುತ್ತುವಾಗ ರೋಗವೂ ಜೊತೆಗೆ ಸುತ್ತುತ್ತದೆ.

2002ರ ಉಣ್ಣೆ ಹೇನು

ಬೀಜದ ಹುಚ್ಚು ಓಡಾಟ ಏನು ಮಾಡಬಲ್ಲದು ಎಂಬುದನ್ನು ಈ ಭಾಗದ ರೈತರು 2002ರಲ್ಲಿ ಕಂಡರು. ಆ ವರ್ಷ ಮಹಾರಾಷ್ಟ್ರದ ಸಾಂಗ್ಲಿ ಕಡೆ ತೀವ್ರವಾಗಿ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಬೇಗನೆ ಗಡಿ ದಾಟಿ ಬೆಳಗಾವಿ ಜಿಲ್ಲೆಯ ಕಬ್ಬಿಗೂ ಹಬ್ಬಿತು. ಎಲೆಯ ಕೆಳಮೈಯಲ್ಲಿ ಬಿಳಿ ಮೇಣದ ಎಳೆ ಹೊದ್ದು ಗುಂಪುಗಟ್ಟಿ ಕೂರುವ ಈ ಹೇನುಗಳು ರಸ ಹೀರುತ್ತವೆ. ಅವು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗಳೆಲ್ಲ ಮಸಿ ಬಳಿದಂತಾಗುತ್ತವೆ. ಗಂಡಿನ ಹಂಗಿಲ್ಲದೆ ಹೆಣ್ಣು ಹೇನು ನೇರವಾಗಿ ಮರಿ ಹಾಕುತ್ತದೆ, ಆ ಮರಿಗಳೂ ಬೇಗನೆ ಮರಿ ಹಾಕುವ ವಯಸ್ಸಿಗೆ ಬರುತ್ತವೆ. ಕಬ್ಬಿನಂತೆಯೇ ಪಡಿಯಚ್ಚುಗಳ ಸಂತಾನ, ಆದರೆ ಕಬ್ಬಿನದಕ್ಕಿಂತ ಹಲವು ಪಟ್ಟು ವೇಗ. ಗಾಳಿಯ ಜೊತೆಗೆ ಸೋಗೆಸಹಿತ ಸಾಗಿಸಿದ ಬೀಜದ ಕಬ್ಬೂ ಮೇವಿಗೆ ಒಯ್ದ ಸೋಗೆಯೂ ಹೇನನ್ನು ಊರೂರಿಗೆ ಮುಟ್ಟಿಸಿದವು.

ಆಳೆತ್ತರ ಮೀರಿದ ಕಬ್ಬಿನೊಳಗೆ ಔಷಧ ಹೊಡೆಯುವುದು ಕಷ್ಟವಾಗಿತ್ತು. ಹಿಡಿತಕ್ಕೆ ತಂದದ್ದು ಹೇನನ್ನು ತಿನ್ನುವ ಹುಳಗಳು. ಡೈಫಾ ಎಂಬ ಪತಂಗದ ಮರಿಹುಳ ಮತ್ತು ಮೈಕ್ರೊಮಸ್ ಎಂಬ ಕೀಟದ ಮರಿಗಳನ್ನು ಗುರುತಿಸಿ, ಅವನ್ನು ಬೆಳೆಸಿ ಹೊಲಗಳಿಗೆ ಬಿಡಲಾಯಿತು. ಇವುಗಳ ಸಂಖ್ಯೆ ಏರಿದಂತೆ ಹೇನಿನ ಹಾವಳಿ ಇಳಿಯಿತು. ಸೋಗೆ ಸುಲಿದ ಶುದ್ಧ ಬೀಜವನ್ನಷ್ಟೇ ಸಾಗಿಸಬೇಕು ಎಂಬ ಎಚ್ಚರಿಕೆಯೂ ಆಗ ಊರೂರಿಗೆ ತಲುಪಿತು.

ಶುದ್ಧ ಬೀಜದ ಮೂರು ಮೆಟ್ಟಿಲು

ರೋಗವಿಲ್ಲದ ಬೀಜ ತಯಾರಿಸಲು ಬಿಸಿ ಮತ್ತು ಅಂಗಾಂಶ ಕೃಷಿ ಎಂಬ ಎರಡು ಉಪಾಯಗಳು ಬಳಕೆಯಲ್ಲಿವೆ. ಕಬ್ಬಿನ ಕಣ್ಣು ತಾಳಿಕೊಳ್ಳುವ ಬಿಸಿಯನ್ನು ಕೆಲವು ರೋಗಾಣುಗಳು ತಾಳಲಾರವು. 50 ಡಿಗ್ರಿ ಬಿಸಿನೀರಿನಲ್ಲಿ ಎರಡು ಗಂಟೆ, ಅಥವಾ ತೇವವುಳ್ಳ 54 ಡಿಗ್ರಿ ಬಿಸಿಗಾಳಿಯಲ್ಲಿ ಎರಡೂವರೆ ಗಂಟೆ ಇಟ್ಟ ತುಂಡುಗಳಲ್ಲಿ ಕುಳೆ ಕುಬ್ಜ, ಹುಲ್ಲು ಜಡೆ ರೋಗಗಳು ಬಹುಮಟ್ಟಿಗೆ ಹತೋಟಿಗೆ ಬರುತ್ತವೆ. ಬಿಸಿ ಒಂದೆರಡು ಡಿಗ್ರಿ ಹೆಚ್ಚಾದರೆ ಕಣ್ಣೇ ಬೇಯುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಆದ್ದರಿಂದ ಇದು ಯಂತ್ರವಿರುವ ಕೇಂದ್ರಗಳ ಕೆಲಸ.

ಅಂಗಾಂಶ ಕೃಷಿಯಲ್ಲಿ ಸುಳಿಯ ತುತ್ತತುದಿಯ ಸಾಸಿವೆಗಿಂತ ಸಣ್ಣ ಭಾಗವನ್ನು ತೆಗೆದು ಗಾಜಿನ ಸೀಸೆಯಲ್ಲಿ ಪೋಷಕಾಂಶಗಳ ಮೇಲೆ ಬೆಳೆಸುತ್ತಾರೆ. ವೇಗವಾಗಿ ಬೆಳೆಯುವ ಆ ತುದಿಯನ್ನು ವೈರಸ್‌ಗಳು ಇನ್ನೂ ಮುಟ್ಟಿರುವುದಿಲ್ಲ. ಒಂದು ತುದಿಯಿಂದ ಸಾವಿರಾರು ಸಸಿ ತೆಗೆಯಬಹುದು. ಪುಣೆ ಬಳಿಯ ಮಾಂಜರಿಯ ವಸಂತದಾದಾ ಸಕ್ಕರೆ ಸಂಸ್ಥೆಯಂಥ ಕಡೆ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ.

ಹೀಗೆ ಪಡೆದ ಬೀಜವನ್ನು ಮೂರು ಹಂತದಲ್ಲಿ ಹೆಚ್ಚಿಸುತ್ತಾರೆ. ಸಂಶೋಧನಾ ಕೇಂದ್ರದಲ್ಲಿ ತಳಿಗಾರರ ಬೀಜ, ಅದರಿಂದ ಕಾರ್ಖಾನೆ ಅಥವಾ ಆಯ್ದ ರೈತರ ಜಮೀನಿನಲ್ಲಿ ಮೂಲ ಬೀಜ, ಅದರಿಂದ ಎಲ್ಲ ರೈತರಿಗೆ ಹಂಚುವ ವಾಣಿಜ್ಯ ಬೀಜ. ಪ್ರತಿ ಹಂತದಲ್ಲೂ ತಾಕನ್ನು ಹಲವು ಬಾರಿ ಸುತ್ತಿ ರೋಗದ ಬುಡ, ಬೇರೆ ತಳಿಯ ಬುಡಗಳನ್ನು ಕಿತ್ತು ಹಾಕಬೇಕು. ಬೀಜಕ್ಕೆ ಕುಳೆಯ ಕಬ್ಬು ಸಲ್ಲದು, ಸೂಲಂಗಿ ಬಂದದ್ದೂ ಬೆಂಡಾದದ್ದೂ ಬೇಡ. ಕಡಿದ ಬೀಜವನ್ನು ಬೇಗ ನೆಡಬೇಕು. ಬಿಸಿಲಲ್ಲಿ ದಿನಗಟ್ಟಲೆ ಬಿದ್ದ ಕಬ್ಬಿನ ಕಣ್ಣು ಒಣಗುತ್ತದೆ. ಕಡಿಯುವ ಕತ್ತಿಯನ್ನು ಆಗಾಗ ರೋಗಾಣುನಾಶಕ ದ್ರಾವಣದಲ್ಲಿ ಅದ್ದಬೇಕು, ತುಂಡುಗಳನ್ನು ನೆಡುವ ಮುಂಚೆ ಶಿಲೀಂಧ್ರನಾಶಕದಲ್ಲಿ ಮುಳುಗಿಸಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ಶುದ್ಧ ಬೀಜ ತಂದರೆ ‘ಕೆಟ್ಟ’ ತಳಿಯೇ ಮತ್ತೆ ಮೊದಲಿನ ಇಳುವರಿ ಕೊಡುವುದುಂಟು.

ಅರಿಶಿಣಕ್ಕೂ ಇದೇ ನಿಯಮ

ಕಬ್ಬಿನ ನೆರೆಯಲ್ಲೇ ಬೆಳೆಯುವ ಅರಿಶಿಣವೂ ಕಾಳಿನಿಂದ ಹುಟ್ಟುವ ಬೆಳೆಯಲ್ಲ. ಅದರ ವರ್ಣತಂತುಗಳು ಮೂರು ಜೋಡಣೆಯವಾದ್ದರಿಂದ ಹೂ ಬಿಟ್ಟರೂ ಬೀಜ ಕಟ್ಟುವುದು ಅಪರೂಪ. ಮಣ್ಣಿನೊಳಗಿನ ತಾಯಿ ಗಡ್ಡೆ ಮತ್ತು ಅದರ ಬೆರಳುಗಳೇ ಬೀಜ. ಎಕರೆಗೆ ಎಂಟು–ಹತ್ತು ಕ್ವಿಂಟಲ್ ಗಡ್ಡೆ ಬೀಜಕ್ಕೆ ಹೋಗುತ್ತದೆ. ಇಲ್ಲಿಯೂ ಒಂದು ಮೊಗ್ಗಿನ ಸಣ್ಣ ಚೂರನ್ನು ಟ್ರೇಯಲ್ಲಿ ಬೆಳೆಸಿ ಸಸಿ ನೆಡುವ ಪದ್ಧತಿ ಬಂದಿದ್ದು, ಬೀಜದ ಖರ್ಚನ್ನು ದೊಡ್ಡ ಮಟ್ಟದಲ್ಲಿ ತಗ್ಗಿಸುತ್ತದೆ. ಗೋಕಾಕಕ್ಕೆ ಹತ್ತಿರದ ಅರಭಾವಿಯಲ್ಲಿ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯವಿದೆ. ಇಂಥ ಸಸ್ಯಾಭಿವೃದ್ಧಿ ಅಲ್ಲಿನ ಪಾಠದ ಒಂದು ಭಾಗ.

ಅರಿಶಿಣದಲ್ಲಿ ಹೆಚ್ಚಿನ ರೈತರು ತಮ್ಮ ಬೆಳೆಯದೇ ಗಡ್ಡೆಯನ್ನು ಮುಂದಿನ ಹಂಗಾಮಿಗೆ ಎತ್ತಿಡುತ್ತಾರೆ. ಗಡ್ಡೆ ಕೊಳೆ ರೋಗ ಬಿದ್ದ ಹೊಲದಲ್ಲಿ ಚೆನ್ನಾಗಿ ಕಾಣುವ ಗಡ್ಡೆಯೂ ರೋಗ ಹೊತ್ತಿರಬಹುದು. ಆದ್ದರಿಂದ ಬೀಜದ ಆಯ್ಕೆಯನ್ನು ಕಿತ್ತ ರಾಶಿಯ ಮುಂದೆ ಕೂತು ಮಾಡುವುದಲ್ಲ. ಗಿಡ ಹಸಿರಾಗಿರುವಾಗಲೇ ಆರೋಗ್ಯವಂತ ಸಾಲುಗಳನ್ನು ಗುರುತು ಹಾಕಿಟ್ಟು, ಅವನ್ನೇ ಬೇರೆಯಾಗಿ ಕಿತ್ತು, ಶಿಲೀಂಧ್ರನಾಶಕದಲ್ಲಿ ಅದ್ದಿ ನೆರಳಲ್ಲಿ ಆರಿಸಿ, ಗಾಳಿಯಾಡುವ ಕಡೆ ಮೇ–ಜೂನ್‌ವರೆಗೆ ಕಾಪಿಡಬೇಕು. ಕಬ್ಬಿಗೂ ಇದೇ ಮಾತು ಸಲ್ಲುತ್ತದೆ: ಬೀಜದ ತಾಕನ್ನು ಕಡಿಯುವ ದಿನವಲ್ಲ, ನೆಡುವ ದಿನವೇ ಬೇರೆ ಮಾಡಿ ಇಟ್ಟುಕೊಳ್ಳಬೇಕು.